ಉಕ್ಕು ಮುರಿಯುವ ಮುನ್ನ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು. "ಕಂಪ್ಯೂಟರ್ ಮುಂದೆ ಕೂತು ಏನು ಮಾಡ್ತೀಯಪ್ಪಾ?" ಎಂದು ಊರಿಗೆ ಬಂದಾಗಲೆಲ್ಲ ಕೇಳುತ್ತೀರಿ. ಕಟ್ಟಡದ ಉಕ್ಕಿನ ತೊಲೆ, ಕಂಬಗಳು ಎಲ್ಲಿ, ಯಾವಾಗ ಮುರಿಯಬಹುದು ಎಂದು ಮೊದಲೇ ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುತ್ತೇನೆ. ಈ ಕೆಲಸದ ಮೊದಲ ಪಾಠ ಆಗಿದ್ದು ಇದೇ ಶಾಲೆಯಲ್ಲಿ.

ಒಂಬತ್ತನೇ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರು ಎಲ್ಲರಿಗೂ ಒಂದೊಂದು ತುಂಡು ಬೈಂಡಿಂಗ್ ವೈರ್ ಕೊಟ್ಟರು. ಎಷ್ಟು ಸಲ ಹಿಂದೆ ಮುಂದೆ ಬಗ್ಗಿಸಿದರೆ ತುಂಡಾಗುತ್ತದೆ, ಮೊದಲು ಊಹಿಸಿ ಬರೆಯಿರಿ ಎಂದರು. ನಾನು 50 ಎಂದು ಬರೆದೆ, 11ಕ್ಕೇ ತುಂಡಾಯಿತು. ರಬ್ಬರ್ ಹುಡುಕುತ್ತಿದ್ದವನ ಕೈ ಹಿಡಿದು ಮೇಷ್ಟ್ರು ಹೇಳಿದರು: "ಅಳಿಸಬೇಡ. ಪಕ್ಕದಲ್ಲಿ 11 ಅಂತ ಬರಿ. ಯಾಕೆ ತಪ್ಪಿತು ಅಂತ ಯೋಚಿಸು."

ಉಕ್ಕು ಗಾಜಿನಂತೆ ಥಟ್ಟನೆ ಒಡೆಯುವುದಿಲ್ಲ, ಹಿಗ್ಗಿ ಬಗ್ಗಿ ಆಮೇಲೆ ಮುರಿಯುತ್ತದೆ. ಅದರೊಳಗೆ ಮ್ಯಾಂಗನೀಸ್ ಸಲ್ಫೈಡ್‌ನಂಥ ಸೂಕ್ಷ್ಮ ಕಣಗಳಿರುತ್ತವೆ. ಎಳೆದಾಗ ಉಕ್ಕು ಈ ಕಣಗಳಿಂದ ಬಿಟ್ಟುಕೊಂಡು ಕಣ್ಣಿಗೆ ಕಾಣದ ರಂಧ್ರಗಳಾಗುತ್ತವೆ. ರಂಧ್ರಗಳು ಬೆಳೆದು ಒಂದಕ್ಕೊಂದು ಸೇರಿದಾಗ ಬಿರುಕು. ಈ ರಂಧ್ರಗಳು ಎಷ್ಟು ವೇಗವಾಗಿ ಬೆಳೆಯುತ್ತವೆ ಎಂಬುದಕ್ಕೆ ರೈಸ್ ಮತ್ತು ಟ್ರೇಸಿ ಎಂಬಿಬ್ಬರು 1969ರಲ್ಲಿ ಸೂತ್ರ ಕೊಟ್ಟರು. ಸಾದಾ ಸರಳನ್ನು ಒಂದೇ ದಿಕ್ಕಿಗೆ ಎಳೆದಾಗ ಅವು ನಿಧಾನವಾಗಿ ಬೆಳೆಯುತ್ತವೆ. ಸರಳಿಗೆ ಕಚ್ಚು ಬಿದ್ದಿದ್ದರೆ ಅಲ್ಲಿ ಮೂರೂ ದಿಕ್ಕಿನಿಂದ ಎಳೆತ ಬೀಳುತ್ತದೆ. ಆ ಎಳೆತದ ಅಳತೆ ಸಾದಾ ಸರಳಿನ ಮೂರನೇ ಒಂದರಿಂದ 1ಕ್ಕೆ ಏರಿದರೆ, ರಂಧ್ರ ಸುಮಾರು 2.7 ಪಟ್ಟು ವೇಗವಾಗಿ ಬೆಳೆಯುತ್ತದೆ.

ಈ ಲೆಕ್ಕ ಯಾಕೆ ಬೇಕು? 1994ರ ಜನವರಿ 17ರಂದು ಅಮೆರಿಕದ ಲಾಸ್ ಏಂಜಲೀಸ್ ಬಳಿಯ ನಾರ್ತ್‌ರಿಡ್ಜ್‌ನಲ್ಲಿ ಭೂಕಂಪವಾಯಿತು. ನೂರಕ್ಕೂ ಹೆಚ್ಚು ಉಕ್ಕಿನ ಕಟ್ಟಡಗಳು ನೆಟ್ಟಗೇ ನಿಂತಿದ್ದವು, ಆದರೆ ಹೊದಿಕೆ ತೆಗೆದು ನೋಡಿದರೆ ತೊಲೆ, ಕಂಬ ಸೇರುವ ಬೆಸುಗೆಗಳಲ್ಲಿ ಬಿರುಕು! ಬಗ್ಗಬೇಕಾದ ಉಕ್ಕು ಅಲ್ಲಿ ಬಗ್ಗದೆಯೇ ಬಿರಿದಿತ್ತು. ಆಮೇಲೆ ಬೆಸುಗೆಯ ವಿಧಾನ ಸುಧಾರಿಸಿತು. ಆಗ ಎದುರಾದ ಪ್ರಶ್ನೆ ನಮ್ಮ ವೈರಿನದೇ: ಭೂಮಿ ಕುಲುಕಿದಾಗ ಉಕ್ಕು ಎಷ್ಟು ಸಲ ಬಗ್ಗಿ ತಡೆದುಕೊಂಡೀತು? 2007ರಲ್ಲಿ ಕನ್ವಿಂದೆ ಮತ್ತು ಡೈಯರ್‌ಲೈನ್ ಇದಕ್ಕೊಂದು ಲೆಕ್ಕದ ವಿಧಾನ ಪ್ರಕಟಿಸಿದರು. ಎಳೆದಾಗ ರಂಧ್ರ ಹಿಗ್ಗುತ್ತದೆ, ಒತ್ತಿದಾಗ ಕುಗ್ಗುತ್ತದೆ. ಆದರೆ ಪ್ರತಿ ಸಲವೂ ಉಕ್ಕಿನ ತಾಳಿಕೆ ಕಡಿಮೆಯಾಗುತ್ತ ಹೋಗುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೊಂದು ತಪ್ಪು ಮಾಡಿದೆ. ನಯವಾದ ಸರಳನ್ನು ಎಳೆದು ಮುರಿದ ಒಂದೇ ಪರೀಕ್ಷೆಯ ಅಂಕಿ ಹಿಡಿದು, ಕಚ್ಚಿರುವ ಸರಳು ಎಷ್ಟು ಹಿಗ್ಗಿ ಮುರಿಯುತ್ತದೆ ಎಂದು ಹೇಳಿಬಿಟ್ಟೆ. ಪರದೆಯ ಮೇಲೆ ಚಿತ್ರ ಬಣ್ಣಬಣ್ಣವಾಗಿ ಚೆನ್ನಾಗಿಯೇ ಇತ್ತು. ಪ್ರಯೋಗಾಲಯದಲ್ಲಿ ಆ ಸರಳು ನಾನು ಹೇಳಿದ್ದರ ಅರ್ಧವೂ ಹಿಗ್ಗದೆ ಮುರಿಯಿತು. ವರದಿ ಇನ್ನೂ ನನ್ನ ಕೈಯಲ್ಲೇ ಇತ್ತು. ಹಳೆಯ ಅಂಕಿ ತೆಗೆದು ಹೊಸದನ್ನು ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೇಷ್ಟ್ರು ಕೈ ಹಿಡಿದದ್ದು ನೆನಪಾಯಿತು. ಎರಡನ್ನೂ ಅಕ್ಕಪಕ್ಕ ಬರೆದು ಕೊಟ್ಟೆ. ಬೈಗುಳವೂ ಸಿಕ್ಕಿತು. ಆದರೆ ಆಮೇಲೆ ಬೇರೆ ಬೇರೆ ಕಚ್ಚಿನ ಸರಳುಗಳನ್ನು ಎಳೆದು ನೋಡಿ ಪ್ರೋಗ್ರಾಂ ತಿದ್ದಿದೆವು. ನಿಜವಾದ ಉಕ್ಕನ್ನು ಮುರಿದು ನೋಡದೆ ಕಂಪ್ಯೂಟರಿಗೆ ಏನೂ ಗೊತ್ತಾಗುವುದಿಲ್ಲ.

ಮನೆ ಕಟ್ಟಿಸುವವರಿಗೆ ಒಂದು ಮಾತು: ಒಮ್ಮೆ ಬಗ್ಗಿಸಿದ ಸರಳನ್ನು ನೆಟ್ಟಗೆ ಮಾಡಿ ಮತ್ತೆ ಬಗ್ಗಿಸಲು ಬಿಡಬೇಡಿ. ಮೇಲೆ ಏನೂ ಕಾಣದಿದ್ದರೂ ಒಳಗೆ ಅದರ ತಾಳಿಕೆ ಖರ್ಚಾಗಿರುತ್ತದೆ.

ಮಕ್ಕಳೇ, ಪ್ರಯೋಗದ ಪುಸ್ತಕದಲ್ಲಿ ಬಂದ ಉತ್ತರವನ್ನೇ ಬರೆಯಿರಿ, ಬರಬೇಕಿದ್ದ ಉತ್ತರವನ್ನಲ್ಲ. ನಮ್ಮ ಮೇಷ್ಟ್ರು ಇಂದು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಸಾರ್, ಆ ದಿನ ನೀವು ರಬ್ಬರ್ ಹುಡುಕಲು ಬಿಡಲಿಲ್ಲ, ಅದಕ್ಕೆ ನಾನು ಋಣಿ.