ಲಾಗ್ ಫೈಲಿಗೆ 100 ಎಂಬಿ ಮಿತಿ ಹಾಕಿದ್ರೂ ಡಿಸ್ಕ್ ತುಂಬಿದ್ದೇಕೆ?

ನಾನಿರೋದು ಡೊಂಬಿವಲಿಯಲ್ಲಿ, ಕೆಲಸ ನವಿ ಮುಂಬಯಿಯ ಮಹಾಪೆಯಲ್ಲಿ. ಒಂದು ರಾತ್ರಿ ಎರಡು ಗಂಟೆಗೆ ಫೋನ್ ಬಂತು: ಸರ್ವರ್ ಡಿಸ್ಕ್ ತುಂಬಿ ಡೇಟಾಬೇಸ್ ನಿಂತುಹೋಗಿದೆ. ಆ ಹೊತ್ತಲ್ಲಿ ಲೋಕಲ್ ಎಲ್ಲಿ? ಮನೆಯಿಂದಲೇ ಲಾಗಿನ್ ಆಗಿ ನೋಡಿದೆ. ಒಂದೇ ಲಾಗ್ ಫೈಲ್ 38 ಜಿಬಿ! ಲಾಗ್‌ರೊಟೇಟ್‌ನಲ್ಲಿ 'ಸೈಜ್ 100ಎಂ' ಅಂತ ನಾನೇ ಬರೆದಿದ್ದೆ.

ತಪ್ಪೂ ನನ್ನದೇ. ಲಾಗ್‌ರೊಟೇಟ್ ಸದಾ ಕಾವಲು ಕಾಯೋದಿಲ್ಲ. ಸಾಮಾನ್ಯವಾಗಿ ಕ್ರಾನ್ ಅಥವಾ ಸಿಸ್ಟಮ್‌ಡಿ ಟೈಮರ್ ಅದನ್ನು ದಿನಕ್ಕೊಮ್ಮೆ ಓಡಿಸುತ್ತದೆ. ಫೈಲಿನ ಅಳತೆ ನೋಡೋದು ಆಗ ಮಾತ್ರ. ಟಿಸಿ ಹತ್ತದಿದ್ದರೆ ಕಲ್ಯಾಣದಿಂದ ಠಾಣೆವರೆಗೂ ಟಿಕೆಟ್ ಇಲ್ಲದವನನ್ನು ಕೇಳೋರಿಲ್ಲ, ಹಾಗೇ ಇದು.

ಪರಿಹಾರ ಏನು? ಟೈಮರನ್ನು ಗಂಟೆಗೊಮ್ಮೆ ಓಡುವಂತೆ ಮಾಡಿ. 'ಡೈಲಿ' ಜೊತೆಗೆ 'ಮ್ಯಾಕ್ಸ್‌ಸೈಜ್ 100ಎಂ' ಬರೆಯಿರಿ. ಆಗ ದಿನ ಕಳೆದರೂ ಫೈಲ್ ಬದಲಾಗುತ್ತದೆ, ನಡುವೆ ಮಿತಿ ದಾಟಿದರೂ ಬದಲಾಗುತ್ತದೆ. 'ಡೇಟ್‌ಎಕ್ಸ್ಟ್' ಬಳಸುತ್ತಿದ್ದರೆ ಹೆಸರಿನಲ್ಲಿ ಗಂಟೆಯನ್ನೂ ಸೇರಿಸಿ. ಇಲ್ಲವಾದರೆ ಅದೇ ತಾರೀಖಿನ ಫೈಲ್ ಮೊದಲೇ ಇರೋದರಿಂದ ಎರಡನೇ ಸಲ ರೊಟೇಟ್ ಆಗೋದಿಲ್ಲ.

ಮಿತಿ ಬರೆದರೆ ಸಾಲದು. ಅದನ್ನು ಎಷ್ಟು ಹೊತ್ತಿಗೊಮ್ಮೆ ನೋಡ್ತಾರೆ ಅನ್ನೋದೂ ಮುಖ್ಯ. ಇವತ್ತೇ ನಿಮ್ಮ ಟೈಮರ್ ಒಮ್ಮೆ ನೋಡಿಬಿಡಿ. ಮುಂದಿನ ವಿಡಿಯೋದಲ್ಲಿ ಸಿಗೋಣ.