ಮಾಗಿಯ ಕಾಲದಲ್ಲಿ ಕುಂಡದ ಮರಗಳು

ತಟ್ಟೆಯಂಥ ಕುಂಡದಲ್ಲಿ ಮರವನ್ನು ಗಿಡ್ಡದಾಗಿ ಬೆಳೆಸುವ ಕಲೆಗೆ ಜಪಾನೀಯರು ಬೊನ್ಸಾಯ್ ಎಂದು ಹೆಸರಿಟ್ಟಿರುವುದನ್ನು ಶ್ರೋತೃಗಳು ಬಲ್ಲರು. ಚೀನ ದೇಶದಲ್ಲಿ ಹುಟ್ಟಿ ಜಪಾನಿನಲ್ಲಿ ಬೆಳೆದ ಈ ವಿದ್ಯೆ ನಮ್ಮ ಸೀಮೆಗೂ ಬಂದು ನೆಲಸಿದೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿಯೋ ಮೈಸೂರಿನ ಕಿಷ್ಕಿಂಧಾ ಮೂಲಿಕಾ ಬೊನ್ಸಾಯ್ ಉದ್ಯಾನದಲ್ಲಿಯೋ ಈ ಮರಗಳನ್ನು ಕಂಡು ಮರುಳಾಗಿ, ಒಂದೆರಡು ಕುಂಡಗಳನ್ನು ಮನೆಗೆ ತಂದಿಟ್ಟುಕೊಂಡವರು ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿಯೂ ಉಂಟು. ತಂದ ಮೇಲೆ ನಾವು ಮಾಡುವ ಮೊದಲನೆಯ ಕೆಲಸವೆಂದರೆ ಪುಸ್ತಕವನ್ನು ತೆರೆಯುವುದು. ತೊಡಕು ಹುಟ್ಟುವುದು ಅಲ್ಲಿಯೇ.

ಇಂಗ್ಲಿಷಿನಲ್ಲಿ ದೊರೆಯುವ ಪುಸ್ತಕಗಳು ಬಹುಮಟ್ಟಿಗೆ ಹಿಮ ಬೀಳುವ ದೇಶದವರು ಬರೆದವು. ಚಳಿಗಾಲದ ಅಧ್ಯಾಯಕ್ಕೆ ಬಂದರೆ, ಕುಂಡವನ್ನು ನೆಲದಲ್ಲಿ ಹೂಳಬೇಕು, ಹುಲ್ಲು ಹೊದಿಸಬೇಕು, ಕೊಟ್ಟಿಗೆಯೊಳಗೆ ಇಡಬೇಕು ಎಂಬ ವಿಧಿಗಳೇ ವಿಧಿಗಳು. ಆ ನಾಡಿಗೆ ಅದು ಯುಕ್ತವೇ ಸರಿ. ನೆಲದಲ್ಲಿ ನಿಂತ ಮರದ ಬೇರನ್ನು ಭೂಮಿಯ ಕಾವು ಕಾಪಾಡುತ್ತದೆ. ಮೂರು ಅಂಗುಲದ ಮಣ್ಣಿನಲ್ಲಿರುವ ಬೇರಿಗೆ ಆ ಆಶ್ರಯವಿಲ್ಲದೆ, ನೀರು ಹೆಪ್ಪುಗಟ್ಟಿದ ರಾತ್ರಿ ಅದು ಸಾಯಬಹುದು. ಆದರೆ ಮಂಡ್ಯದಲ್ಲಿ ನೀರು ಹೆಪ್ಪುಗಟ್ಟುವ ಮಾತೆಲ್ಲಿ ಬಂತು? ಧನುರ್ಮಾಸದ ಬೆಳಗಿನ ಜಾವದಲ್ಲಿಯೂ ನಮ್ಮ ಶೀತ ಸಾಮಾನ್ಯವಾಗಿ 15 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿರುತ್ತದೆ. ನಾವು ಶಾಲು ಹೊದೆಯುತ್ತೇವೆ, ನಿಜ. ಆಲ, ಅರಳಿ, ಅತ್ತಿ, ಬಸರಿ, ಹುಣಸೆಗಳು ಇಷ್ಟಕ್ಕೆ ಬೆದರುವುದಿಲ್ಲ. ಬೆಳವಣಿಗೆಯನ್ನು ತಗ್ಗಿಸಿಕೊಂಡು ಸುಮ್ಮನಿರುತ್ತವೆ, ಅಷ್ಟೆ. ಪುಸ್ತಕವನ್ನು ನಂಬಿ ಅರಳಿಯ ಕುಂಡವನ್ನು ಕತ್ತಲೆಯ ಕೋಣೆಗೆ ಸೇರಿಸಿದರೆ ಅದು ಚಳಿಯಿಂದ ಪಾರಾಗಿ ಬೆಳಕಿಲ್ಲದೆ ಸೊರಗುತ್ತದೆ. ಇನ್ನು ಜಪಾನಿನ ಮೇಪಲ್ ಮರವನ್ನು ತಂದು ಇಲ್ಲಿ ಸಾಕುವೆವೆನ್ನುವವರಿಗೆ ನಮ್ಮ ಬಿನ್ನಹ ಬೇರೆ: ಅದಕ್ಕೆ ಬೇಕಾದ ಗಾಢವಾದ ಚಳಿನಿದ್ರೆಯನ್ನು ನಮ್ಮ ಊರು ಕೊಡಲಾರದು. ಆ ಹಂಬಲವನ್ನು ಬಿಡುವುದು ಮೇಲು.

ಹಾಗಾದರೆ ನಮ್ಮಲ್ಲಿ ಮಾಗಿಯ ಭಯವೇ ಇಲ್ಲವೆ? ಉಂಟು, ಅದು ಒಣಗಿನ ಭಯ. ಚಿತ್ತೆ ಸ್ವಾತಿಯ ಮಳೆಗಳು ಮುಗಿದು, ಹಿಂಗಾರು ಕೈಬಿಟ್ಟ ಮೇಲೆ, ಯುಗಾದಿಯ ಸುತ್ತಮುತ್ತ ಬರುವ ಮಳೆಯವರೆಗೆ ಆಕಾಶದಿಂದ ಹೆಚ್ಚಾಗಿ ಏನನ್ನೂ ನಿರೀಕ್ಷಿಸುವಂತಿಲ್ಲ. ಮೂಡಲ ಗಾಳಿ ದಿನವೆಲ್ಲ ಬೀಸಿ ತಟ್ಟೆಯ ಮಣ್ಣನ್ನು ಹೀರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಇಬ್ಬನಿ ಬಿದ್ದು ಮೇಲ್ಮಣ್ಣು ತೇವವಾಗಿಯೇ ಕಾಣುತ್ತದೆ. ಅರ್ಧ ಅಂಗುಲ ಕೆಳಗೆ ಬೂದಿಯಂತೆ ಒಣಗಿರುತ್ತದೆ. ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಮರ ಈಗ ಬೇಸಗೆಯಷ್ಟು ನೀರು ಕುಡಿಯುವುದಿಲ್ಲ. ವೈಶಾಖದ ಅಭ್ಯಾಸದಂತೆ ಎರಡು ಹೊತ್ತೂ ಸುರಿದರೆ ಬೇರು ಕೊಳೆಯುತ್ತದೆ. ಆದಕಾರಣ ದಿನಕ್ಕಿಷ್ಟು ಚೊಂಬು ಎಂಬ ಲೆಕ್ಕವನ್ನು ಬಿಟ್ಟು, ಬೆರಳನ್ನು ಮಣ್ಣಿನೊಳಕ್ಕೆ ಊರಿ ನೋಡತಕ್ಕದ್ದು. ಒಳಮಣ್ಣು ಆರುತ್ತ ಬಂದಿದ್ದರೆ, ಬಿಸಿಲೇರಿದ ಮೇಲೆ, ಕುಂಡದ ತಳದ ತೂತಿನಿಂದ ಹರಿಯುವವರೆಗೆ ಎರೆಯುವುದು. ಇಲ್ಲದಿದ್ದರೆ ನಾಳೆಯವರೆಗೆ ಕಾಯುವುದು. ಸಂಜೆಯ ನೀರು ಬೇಡ; ಬೇರು ರಾತ್ರಿಯೆಲ್ಲ ಥಂಡಿಯಲ್ಲಿ ನೆನೆಯುತ್ತದೆ. ಮಣ್ಣು ಒಣಗಿ ಗಟ್ಟಿಯಾಗಿ, ನೀರು ಅಂಚಿನಿಂದಲೇ ಜಾರಿ ಹೋಗುವಂತಾಗಿದ್ದರೆ, ಕುಂಡವನ್ನು ಬೋಗುಣಿಯ ನೀರಿನಲ್ಲಿ ಇಳಿಸಿ ಗುಳ್ಳೆ ನಿಲ್ಲುವವರೆಗೆ ಬಿಡಬೇಕು.

ಮಣ್ಣಿನ ಮಾತನ್ನು ಇಲ್ಲಿಯೇ ಹೇಳಿಬಿಡೋಣ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದ ಮೇಲೆ ನಮ್ಮದು ಗದ್ದೆಯ ನಾಡು, ಕಬ್ಬಿನ ನಾಡು. ಗದ್ದೆಯ ಮಣ್ಣು ಫಲವತ್ತಾದದ್ದೆಂದು ಕುಂಡಕ್ಕೆ ತುಂಬುವವರುಂಟು. ನಿಂತ ನೀರು ಭತ್ತಕ್ಕೆ ಅಮೃತ, ಕುಂಡದ ಮರಕ್ಕೆ ವಿಷ. ಕೆಮ್ಮಣ್ಣು, ಇಟ್ಟಿಗೆಯ ಸಣ್ಣ ಚೂರು, ಕೊಳೆತ ಎಲೆಗೊಬ್ಬರ, ಇವು ಸಾಕು. ಕೊಳವೆಬಾವಿಯ ನೀರನ್ನು ಎರೆಯುವ ಮನೆಗಳಲ್ಲಿ ಕುಂಡದ ಅಂಚಿಗೆ ಬಿಳಿಯ ಉಪ್ಪು ಕಟ್ಟುವುದನ್ನು ಗಮನಿಸಿರಬಹುದು. ಮಳೆ ಇಲ್ಲದ ತಿಂಗಳುಗಳಲ್ಲಿ ಅದು ತೊಳೆದುಹೋಗದೆ ಮಣ್ಣಿನಲ್ಲಿಯೇ ಕೂಡುತ್ತದೆ. ಸ್ವಾತಿಯ ಮಳೆಯಲ್ಲಿ ಒಂದೆರಡು ಡ್ರಮ್ ನೀರು ಹಿಡಿದಿಟ್ಟುಕೊಂಡವರು ಜಾಣರು.

ಬಿಸಿಲಿನ ವಿಚಾರವನ್ನು ಪುಸ್ತಕಕ್ಕಿಂತ ಪಂಚಾಂಗ ಚೆನ್ನಾಗಿ ಹೇಳುತ್ತದೆ. ಮಂಡ್ಯ ಇರುವುದು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ, ಜೂನ್ ತಿಂಗಳುಗಳಲ್ಲಿ ನಡುಹಗಲ ಸೂರ್ಯ ನಮ್ಮ ನೆತ್ತಿಗಿಂತ ಕೊಂಚ ಉತ್ತರಕ್ಕಿರುತ್ತಾನೆ. ಡಿಸೆಂಬರ್ 21ರ ಹೊತ್ತಿಗೆ ದಕ್ಷಿಣಕ್ಕೆ ವಾಲಿ, ದಿಗಂತದಿಂದ 54 ಡಿಗ್ರಿಯಷ್ಟೇ ಮೇಲೇರುತ್ತಾನೆ. ಬೇಸಗೆಯಲ್ಲಿ ಬಿಸಿಲು ಕಂಡಿದ್ದ ಉತ್ತರದ ಜಗಲಿ ಈಗ ದಿನವಿಡೀ ಮನೆಯ ನೆರಳಿನಲ್ಲಿ ಮುಳುಗಿರುತ್ತದೆ. ಕುಂಡವನ್ನು ಪೂರ್ವಕ್ಕೋ ದಕ್ಷಿಣಕ್ಕೋ ಸರಿಸಿದರಾಯಿತು.

ಎಲೆ ಉದುರಿದರೆ ಎದೆಗೆಡಬಾರದು. ಮಾಗಿ ಕಳೆಯುತ್ತ ಬಂದಂತೆ ಅರಳಿಕಟ್ಟೆಯ ಹೆಮ್ಮರವೇ ಬೋಳಾಗುತ್ತದೆ. ಕುಂಡದ ಅರಳಿ ಅದರ ಮಗುವಲ್ಲವೆ? ಸತ್ತಿತೆಂದು ಗಾಬರಿಯಾಗಿ ನೀರನ್ನೂ ಗೊಬ್ಬರವನ್ನೂ ಸುರಿದು ಕೊಂದ ಮರಗಳೇ ಹೆಚ್ಚು. ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಕೆಳಗೆ ಹಸಿರಿದ್ದರೆ ಜೀವವಿದೆ. ನಮ್ಮಲ್ಲಿ ದೊಡ್ಡ ಮರಗಳೇ ಗುರುಗಳು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋದರೆ, ಊರೊಳಗಿನ ಹುಣಸೆಯ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಈ ಮಾಗಿಯಲ್ಲಿಯೇ ಬಂದು ಗೂಡು ಕಟ್ಟುವುದನ್ನು ಕಾಣಬಹುದು. ಆ ಹುಣಸೆಗೆ ಹುಲ್ಲು ಹೊದಿಸಿದವರಾರು? ಅದರ ಕೊಂಬೆ ಬಾಗಿದ ಬಗೆಯನ್ನು ನೋಡಿ ಬಂದರೆ, ತಂತಿ ಸುತ್ತಿ ಮರವನ್ನು ರೂಪಿಸುವವರಿಗೆ ಯಾವ ಚಿತ್ರಪಟವೂ ಬೇಡ.

ಕೀಟಗಳಲ್ಲಿ ಬಿಳಿಯ ಹಿಟ್ಟು ತಿಗಣೆಯೊಂದನ್ನು ಹೇಳಿದರೆ ಸಾಕು. ಮಳವಳ್ಳಿ, ಮದ್ದೂರುಗಳ ಹಿಪ್ಪುನೇರಳೆಯ ತೋಟಗಳಲ್ಲಿ ಎಲೆ ಮುದುಡುವ ತುಕ್ರ ರೋಗಕ್ಕೆ ಇದೇ ಕಾರಣ. ಕುಂಡದ ಮೇಲೆ ಇರುವೆಯ ಸಾಲು ಕಂಡರೆ ತಿಗಣೆಯನ್ನು ಹುಡುಕಬೇಕು, ಏಕೆಂದರೆ ಅದು ಸ್ರವಿಸುವ ಸಿಹಿರಸಕ್ಕಾಗಿಯೇ ಇರುವೆ ಬರುವುದು. ಬೇವಿನೆಣ್ಣೆಯನ್ನು ಸಾಬೂನಿನ ನೀರಿನಲ್ಲಿ ಕಲಸಿ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಕುಂಡ ಬದಲಾಯಿಸುವುದು, ಬೇರು ಕತ್ತರಿಸುವುದು, ಹಿಂಡಿ ಹಾಕುವುದು, ಇವೆಲ್ಲ ಶಿವರಾತ್ರಿ ಕಳೆದು ಹೊಸ ಚಿಗುರು ಕಂಡ ಮೇಲೆ.

ಜಪಾನಿನ ಯಮಾಕಿ ಮನೆತನದ ಪೈನ್ ಮರವೊಂದು 1625ರಿಂದ ಕುಂಡದಲ್ಲಿದ್ದು, 1945ರಲ್ಲಿ ಹಿರೋಷಿಮಾದ ಅಣುಬಾಂಬಿನಿಂದ ಗೋಡೆಯ ಮರೆಯಲ್ಲಿ ಉಳಿದುಕೊಂಡಿತು. 1976ರಲ್ಲಿ ಅಮೆರಿಕಕ್ಕೆ ಕಾಣಿಕೆಯಾಗಿ ಹೋಗಿ ಈಗಲೂ ವಾಷಿಂಗ್‌ಟನ್ ನಗರದಲ್ಲಿದೆ. ಅಂಥ ಮರವೂ ಬೇಸಗೆಯ ಕೆಲವು ದಿನ ನೀರು ತಪ್ಪಿದರೆ ಉಳಿಯಲಾರದು. ಸಂಕ್ರಾಂತಿಗೆ ನಾವು ಮನೆಗೆ ಬೀಗ ಹಾಕಿ ಊರಿಗೆ ಹೊರಡುತ್ತೇವೆ. ಇಪ್ಪತ್ತು ವರ್ಷ ಸಾಕಿದ ಮರದ ಪ್ರಾಣ ಒಂದು ವಾರದ ಕೈಯಲ್ಲಿರುತ್ತದೆ. ಕುಂಡಗಳನ್ನು ಗಾಳಿ ತಾಕದ ಮೂಲೆಗೆ ಒತ್ತಾಗಿ ಸೇರಿಸಿ, ಕೆಳಗೆ ನೆನೆಸಿದ ಗೋಣಿತಟ್ಟು ಹಾಸಿದರೆ ಎರಡು ದಿನ ತಡೆಯಬಹುದು. ಆಮೇಲೆ ನೆರೆಮನೆಯವರೇ ಗತಿ. ಬೀಗದ ಕೈಯನ್ನು ಕೊಡುವಾಗ ಅವರನ್ನು ಕುಂಡದ ಬಳಿಗೆ ಕರೆದು, ಬೆರಳೂರಿ ನೋಡುವ ಬಗೆಯನ್ನು ಒಮ್ಮೆ ತೋರಿಸಿಕೊಟ್ಟು ಹೊರಡಬೇಕು.