ಉಣ್ಣುವವನ ಎದುರಿನ ಮೌನ

"ಅವ್ನು ಉಣ್ಣಕ್ಕೆ ಕೂತವ್ನೆ, ಈಗೇನೂ ಕೇಳ್ಬ್ಯಾಡ ಕಣವ್ವ." ಈ ವಾರ ನಮ್ಮ ಪಿರಿಯಾಪಟ್ಟಣದ ಕಡೆಯ ಕಂಪಲಾಪುರದ ಪರಿಚಿತರೊಬ್ಬರ ಮನೆಯಲ್ಲಿ ನನ್ನ ಕಿವಿಗೆ ಬಿದ್ದ ಮಾತಿದು. ಹೊಗೆಸೊಪ್ಪಿನ ಹರಾಜು ನಡೆಯುವ ದಿನಗಳಲ್ಲಿ ಈ ಸೀಮೆಯ ಎಷ್ಟು ಅಡುಗೆಮನೆಗಳಲ್ಲಿ ಇದೇ ಮಾತು ನಿತ್ಯವೂ ಕೇಳಿಬರುತ್ತದೆಯೋ ಬಲ್ಲವರಾರು! ಹಿರಿಯ ಮಗ ಬೇಲುಗಳನ್ನು ಮಾರಿ ಬಂದಿದ್ದಾನೆ. ದರ ಸಿಕ್ಕಿತೋ ಇಲ್ಲವೋ ಎಂಬುದು ಅವನ ಮುಖದಿಂದ ತಿಳಿಯುವಂತಿಲ್ಲ. ಕಿರಿಯ ಸೊಸೆಗೆ ಮಗುವಿನ ಫೀಜಿನ ವಿಷಯ ಎತ್ತಬೇಕಾಗಿದೆ. ಅತ್ತೆಯವರು ಮೆಲುದನಿಯಲ್ಲಿ ಹಾಗೆ ತಡೆದು, ಮಗನ ಮುದ್ದೆಗೆ ಇನ್ನಷ್ಟು ಸಾರು ಬಡಿಸಿದರು. ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನಲ್ಲಿ ಸೊಪ್ಪು ಬೇಯುವಷ್ಟು ದಿನವೂ ಹಗಲಿರುಳೆನ್ನದೆ ಸರದಿಯಂತೆ ಉರಿ ಕಾಯ್ದ ಸಂಸಾರ ಅದು. ಆ ಮಾತಿನಲ್ಲಿ ವಾತ್ಸಲ್ಯವಲ್ಲದೆ ಬೇರೇನನ್ನೂ ಕಾಣುವುದು ಅನ್ಯಾಯವೆಂದೇ ನನ್ನ ಭಾವನೆ. ಆದರೂ ಬಸ್ಸಿನಲ್ಲಿ ಹಿಂದಿರುಗುವಾಗ ದಾರಿಯುದ್ದಕ್ಕೂ ನನ್ನನ್ನು ಕಾಡಿದ್ದು ವಿವೇಕ ಶಾನಭಾಗರ ಒಂದು ನೀಳ್ಗತೆ.

'ಘಾಚರ್ ಘೋಚರ್' ಪ್ರಕಟವಾದದ್ದು 2013ರಲ್ಲಿ. ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದದ ಮೂಲಕ ದೂರದೇಶಗಳ ಓದುಗರನ್ನೂ ಅದು ಮುಟ್ಟಿತು. ಶೀರ್ಷಿಕೆಯ ಅರ್ಥವನ್ನು ನಿಘಂಟಿನಲ್ಲಿ ಹುಡುಕಬೇಡಿ, ಅದು ಒಂದು ಮನೆಯ ಮಕ್ಕಳ ಆಟದ ಮಾತು. ಕಥೆಯ ಮೇಲ್ಮೈಯೇನೋ ಸರಳವಾದದ್ದು: ಬೆಂಗಳೂರಿನ ಒಂದು ಇಕ್ಕಟ್ಟಾದ ಮನೆಯಲ್ಲಿ ಚಹಾಪುಡಿ ಮಾರುವ ಕೆಲಸದ ತಂದೆಯ ಸಂಬಳವೊಂದನ್ನೇ ನಂಬಿ ಬಾಳುತ್ತಿದ್ದ ಸಂಸಾರವು, ಆತನ ಕೆಲಸ ಹೋದ ಮೇಲೆ ಚಿಕ್ಕಪ್ಪನು ಆರಂಭಿಸಿದ ಮಸಾಲೆ ವ್ಯಾಪಾರದಿಂದ ಥಟ್ಟನೆ ಸಿರಿವಂತವಾಗಿ ದೊಡ್ಡ ಮನೆಗೆ ಬರುತ್ತದೆ. ದುಡಿಯುವವನು ಚಿಕ್ಕಪ್ಪನೊಬ್ಬನೇ. ಅವನ ಊಟ, ಅವನ ನಿದ್ರೆ, ಅವನ ಸರಸ ವಿರಸಗಳೇ ಇಡೀ ಮನೆಯ ಪಂಚಾಂಗ. ಕಥೆ ಹೇಳುವ ಯುವಕನಾದರೋ ಹೆಸರಿಗೆ ಮಾತ್ರ ಕಂಪನಿಯ ಅಧಿಕಾರಿ. ಕಾಫಿಹೌಸಿನಲ್ಲಿ ಕುಳಿತು ಕಾಲ ಕಳೆಯುವುದೇ ಅವನ ಉದ್ಯೋಗ.

ಈ ಕಥೆಯನ್ನು ಓದಿದವರೆಲ್ಲರೂ ಇರುವೆಗಳ ಪ್ರಕರಣವನ್ನು ನೆನೆಯುತ್ತಾರೆ. ಹಳೆಯ ಮನೆಯಲ್ಲಿ ಸಾಲುಗಟ್ಟಿ ಬರುತ್ತಿದ್ದ ಇರುವೆಗಳೊಡನೆ ತಾಯಿ ಹೂಡಿದ ಸಮರವು ಕ್ರಮೇಣ ಮನೆಮಂದಿಯ ಸಮರವಾಗಿ, ಅವುಗಳನ್ನು ಹೊಸಕುವುದರಲ್ಲಿ ಅವರಿಗೆಲ್ಲ ಒಂದು ಬಗೆಯ ಹುರುಪೇ ಹುಟ್ಟಿಬಿಡುತ್ತದೆ. ಆ ಪುಟಗಳನ್ನು ಮೊದಲು ಓದಿದಾಗ ನಾನು ನಕ್ಕಿದ್ದೆ, ನಿಮಗೂ ನಗು ಬಂದೀತು. ಇರುವೆಯನ್ನು ಕೊಂದವರನ್ನು ಯಾರು ತಾನೇ ಕ್ರೂರಿಗಳೆಂದಾರು? ಆದರೆ ನನ್ನ ಚಿತ್ತದಲ್ಲಿ ನಾಟಿದ್ದು ಇರುವೆಯ ಪ್ರಸಂಗಕ್ಕಿಂತ ಹೆಚ್ಚಾಗಿ ಒಂದು ಬೇಳೆಯ ಸಾರಿನ ಪ್ರಸಂಗ.

ಒಂದು ದಿನ ಅಪರಿಚಿತ ಹೆಂಗಸೊಬ್ಬಳು ಬಾಗಿಲಿಗೆ ಬಂದು ಚಿಕ್ಕಪ್ಪನನ್ನು ವಿಚಾರಿಸುತ್ತಾಳೆ. ಅವಳ ಕೈಯಲ್ಲಿ ಡಬ್ಬಿ. ಡಬ್ಬಿಯಲ್ಲಿ ಅವನಿಗೆ ಪ್ರಿಯವಾದ ಮಸೂರ ಬೇಳೆಯ ಸಾರು. ತಾನು ಬಂದಿರುವುದು ತಿಳಿದರೆ ಸಾಕು, ಅವನೇ ಹೊರಗೆ ಬಂದಾನೆಂಬುದು ಅವಳ ನಂಬಿಕೆ. ಅವನು ಒಳಗೇ ಇದ್ದಾನೆ, ಬರುವುದಿಲ್ಲ. ಬರುವವರು ಕಥೆ ಹೇಳುವ ಯುವಕನ ತಾಯಿ ಮತ್ತು ಆಕೆಯ ಮಗಳು. ಅವರ ಬಾಯಿಂದ ಹೊರಡುವ ಮಾತುಗಳಾದರೋ ಮರ್ಯಾದಸ್ಥರ ಮನೆಯಲ್ಲಿ ಎಂದೂ ಕೇಳಿರದಂಥವು. ಡಬ್ಬಿ ಬಿದ್ದು ಸಾರು ಚೆಲ್ಲುತ್ತದೆ. ಅದರ ಪರಿಮಳ ಅಲ್ಲೆಲ್ಲ ಹರಡುತ್ತದೆ. ಅನ್ನವನ್ನು ದೇವರೆಂದು ಕಣ್ಣಿಗೊತ್ತಿಕೊಳ್ಳುವ ನಮ್ಮ ಜನರಲ್ಲಿ, ಒಬ್ಬ ಹೆಂಗಸು ಅಕ್ಕರೆಯಿಂದ ಬೇಯಿಸಿ ತಂದ ಪದಾರ್ಥ ಮಣ್ಣುಪಾಲಾಗುವುದನ್ನು ನೋಡುತ್ತ ಆ ಯುವಕನು ಸುಮ್ಮನೆ ನಿಂತಿದ್ದನೆಂಬುದು ನನ್ನ ಮಟ್ಟಿಗೆ ಕಥೆಯ ಅತ್ಯಂತ ಭಯಾನಕವಾದ ಸಂಗತಿ. ಅವನ ಕೈಹಿಡಿದು ಆ ಮನೆಗೆ ಸೊಸೆಯಾಗಿ ಬಂದ ಅನಿತಾ ಒಬ್ಬಳೇ ಅದನ್ನು ಅನ್ಯಾಯವೆನ್ನುತ್ತಾಳೆ. ಆ ಮನೆಯಲ್ಲಿ ಕೇಳಬಾರದ್ದನ್ನು ಕೇಳಿದವಳು ಅವಳು.

ಮುಂದೆ ಅನಿತಾ ಊರಿಗೆ ಹೋಗುತ್ತಾಳೆ. ಹಿಂದಿರುಗಿ ಬರಬೇಕಾದ ದಿನ ಬರುವುದಿಲ್ಲ. ಮನೆಯವರು ಒಟ್ಟಿಗೆ ಕುಳಿತು ಹೆಂಗಸರ ಕೊಲೆಯ ವಿಷಯವನ್ನು ಲೋಕಾಭಿರಾಮದ ಮಾತಿನಂತೆ ಆಡಿಕೊಂಡದ್ದು ಗಂಡನಿಗೆ ನೆನಪಾಗುತ್ತದೆ. ಕಾಫಿಹೌಸಿನಲ್ಲಿ ಅವನ ಕೈಗೆ ರಕ್ತ ಹತ್ತಿದೆಯೆಂದು ಮಾಣಿಯು ವಿನಯದಿಂದ ತಿಳಿಸುವಲ್ಲಿ ಕಥೆ ನಿಲ್ಲುತ್ತದೆ. ಅವಳಿಗೆ ಏನಾಯಿತೆಂಬುದನ್ನು ಲೇಖಕರು ಹೇಳಬೇಕಾಗಿತ್ತೆಂದು ಸ್ನೇಹಿತರೊಬ್ಬರು ನನ್ನೊಡನೆ ವಾದಿಸಿದ್ದುಂಟು. ನಾನು ಒಪ್ಪಲಿಲ್ಲ. ಕೊಲೆಯಾಯಿತೆಂದು ಸ್ಪಷ್ಟವಾಗಿ ಬರೆದಿದ್ದರೆ ನಾವು ಆ ಮನೆಯವರನ್ನು ಪೊಲೀಸರಿಗೊಪ್ಪಿಸಿ ನಿಶ್ಚಿಂತರಾಗುತ್ತಿದ್ದೆವು. ಒಬ್ಬನ ನೆಮ್ಮದಿಯನ್ನು ಕಾಯುವ ಸಲುವಾಗಿ ಉಳಿದವರೆಲ್ಲರೂ ದಿನದಿನವೂ ಒಂದೊಂದು ಪ್ರಶ್ನೆಯನ್ನು ನುಂಗಿಕೊಳ್ಳುವ ಆ ಅಭ್ಯಾಸವನ್ನು, ಯಾವ ಕಾನೂನೂ ಅಪರಾಧವೆನ್ನದ ಆ ಸುಸೂತ್ರವಾದ ಅಭ್ಯಾಸವನ್ನು, ನೋಡದೆಯೇ ಬಿಡುತ್ತಿದ್ದೆವು.

ಹಾಗೆಂದು ನಮ್ಮ ಪಿರಿಯಾಪಟ್ಟಣದ ಕಡೆಯ ಅತ್ತೆಯರನ್ನೆಲ್ಲ ಆ ಕಥೆಯ ತಾಯಿಯೊಡನೆ ಸಾಲಾಗಿ ನಿಲ್ಲಿಸಲು ನಾನು ಹೊರಟಿಲ್ಲ. ಉಣ್ಣುವವನನ್ನು ಉಣ್ಣಗೊಡುವುದು ಧರ್ಮವೇ. ಊಟವಾದ ಮೇಲೆ ಕೇಳಗೊಡುತ್ತಾರೆಯೇ ಎಂಬುದಷ್ಟೇ ನನ್ನ ಶಂಕೆ. ಇನ್ನು ಆ ತಾಯಿಯ ವಿಷಯದಲ್ಲಿಯೂ ನನ್ನ ಮನಸ್ಸು ಕಠಿಣವಾಗಲೊಲ್ಲದು. ಹಳೆಯ ಮನೆಯಲ್ಲಿ ಪೈಸೆಪೈಸೆಗೂ ಲೆಕ್ಕವಿಟ್ಟು, ಒಂದು ಸಾಮಾನು ಕೊಳ್ಳಬೇಕಾದರೂ ಎಲ್ಲರೊಡನೆ ಕುಳಿತು ಆಲೋಚಿಸಿ, ಮನೆಗೆ ಗ್ಯಾಸಿನ ಒಲೆ ಬಂದ ದಿನವನ್ನು ಹಬ್ಬದಂತೆ ಅನುಭವಿಸಿದ ಹೆಂಗಸು ಆಕೆ. ಮತ್ತೆ ಆ ಇಕ್ಕಟ್ಟಿಗೆ ಹೋಗಬೇಕಾದೀತೆಂಬ ಭೀತಿ ಆಕೆಯ ಬಾಯಿಂದ ಆ ಮಾತುಗಳನ್ನು ಆಡಿಸಿತೆಂದರೆ ನಾನು ನಂಬಬಲ್ಲೆ. ಕ್ಷಮಿಸಬಲ್ಲೆನೇ? ಮಣ್ಣಿಗೆ ಬಿದ್ದ ಆ ಸಾರನ್ನು ನೆನೆದರೆ ಕಷ್ಟವೆನಿಸುತ್ತದೆ. ಕಥೆಯನ್ನು ಈ ಸಲ ಅನಿತಾಳ ಪಕ್ಷದಿಂದ ಓದಿ ನೋಡಬೇಕೆಂದಿದ್ದೇನೆ. ಗಂಡನೇ ಎಲ್ಲವನ್ನೂ ಹೇಳುವ ಕಥೆಯಲ್ಲಿ ಆಕೆಗೆ ದೊರೆತಿರುವ ಜಾಗವಾದರೋ ತೀರ ಕಡಿಮೆ.